ತಂಗುದಾಣದ ಮೇಲಿನ ಆ ಫಲಕ ಇಳಿಸಿ

ಮಾನ್ಯರೇ,

ಕಾಲೇಜು ತಂಗುದಾಣದ ಜಾಹೀರಾತು ಫಲಕದ ಬಗ್ಗೆ ನಿಮ್ಮ ಪತ್ರಿಕೆಯ ಮಂಗಳವಾರದ ವರದಿ ಓದಿದೆ. ಪರವಾನಗಿ ಇಲ್ಲ, ಶುಲ್ಕ ಬಾಕಿ ಇದೆ ಎಂದು ಬರೆದಿದ್ದೀರಿ. ಅದರ ಮೇಲೆ ಏನಿದೆ ಅಂತ ಒಂದು ಸಾಲೂ ಇಲ್ಲ. ಎಡಗಡೆ ಕಪ್ಪು ಹುಡುಗಿ, ತಲೆ ತಗ್ಗಿಸಿದ್ದಾಳೆ. ಬಲಗಡೆ ಅದೇ ಹುಡುಗಿ ಬೆಳ್ಳಗೆ, ತೆಳ್ಳಗೆ ನಗುತ್ತಿದ್ದಾಳೆ. ಕೆಳಗೆ ಕ್ಲಿನಿಕ್ಕಿನ ಫೋನ್ ನಂಬರು.

ನನ್ನ ಮಗಳು ದ್ವಿತೀಯ ಪಿಯು. ನನ್ನ ಹಾಗೇ ಎಣ್ಣೆಗಪ್ಪು. ಹುಡುಗರು ಆ ಫಲಕ ನೋಡಿ ಅವಳಿಗೆ ‘ಎಡಗಡೆಯವಳು’ ಅಂತ ಹೆಸರಿಟ್ಟಿದ್ದಾರೆ. ಅಂದಿನಿಂದ ಆ ಸ್ಟಾಪಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದ್ದರೂ ದಿನಾ ಪೆಟ್ರೋಲ್ ಸುಟ್ಟು ನಾನೇ ಬಿಟ್ಟು ಬರಬೇಕು. ಈ ತಿಂಗಳು ಮೂರು ಸಲ ಕೆಲಸಕ್ಕೆ ತಡವಾಗಿ ಅರ್ಧ ದಿನದ ಸಂಬಳ ಹೋಯಿತು. ಅವಳು ರಾತ್ರಿ ಊಟ ಬಿಟ್ಟಿದ್ದಾಳೆ. ಫೋನಿನಲ್ಲಿ ಫಿಲ್ಟರ್ ಹಾಕಿ ಬೆಳ್ಳಗೆ ಮಾಡಿದ ಫೋಟೊವನ್ನೇ ಪರೀಕ್ಷೆ ಅರ್ಜಿಗೆ ಅಂಟಿಸಬೇಕು ಅಂತ ಹಟ. ನನಗೆ ಹೇಳದೆ ಮೆಡಿಕಲ್ ಶಾಪಿನಿಂದ ಕ್ರೀಮು ತಂದು ಹಚ್ಚಿಕೊಂಡಳು. ಮುಖವೆಲ್ಲ ಕೆಂಪಾಗಿ ಉರಿ. ಅದರಲ್ಲಿ ಸ್ಟೀರಾಯ್ಡ್ ಇದೆ, ಚೀಟಿ ಇಲ್ಲದೆ ಕೊಡಲೇಬಾರದಿತ್ತು ಎಂದರು ಚರ್ಮದ ಡಾಕ್ಟರು. ಇನ್ನೂ 17 ವರ್ಷ ಅವಳಿಗೆ.

ಕಪ್ಪಗಿರುವವರನ್ನು ಕೀಳಾಗಿ, ಬೇಸರದಲ್ಲಿರುವವರಂತೆ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಿದೆ. 1975ರಿಂದ ಮಾರಾಟದಲ್ಲಿದ್ದ ‘ಫೇರ್ ಅಂಡ್ ಲವ್ಲಿ’ ಕ್ರೀಮೇ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದುಹಾಕಿತು. ನಮ್ಮ ತಂಗುದಾಣಕ್ಕೆ ಮಾತ್ರ ಇದ್ಯಾವುದೂ ತಲುಪಿಲ್ಲ. 2022ರ ಮೇನಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡರು. ಆಗ ಎಲ್ಲರೂ ಅಯ್ಯೋ ಅಂದೆವು, ಅಷ್ಟೇ.

ದೂರು ಕೊಡಲು ಹೋದರೆ ವಾರ್ಡ್ ಕಚೇರಿಯವರು ಕಂದಾಯ ವಿಭಾಗಕ್ಕೆ ಹೋಗಿ ಎಂದರು. ಅಲ್ಲಿ ಎಂಜಿನಿಯರನ್ನು ಕೇಳಿ ಎಂದರು. ಎಂಜಿನಿಯರು ಸೀಟಿನಲ್ಲೇ ಇರಲಿಲ್ಲ. ಇದೇ ತಂಗುದಾಣದ ಸೂರು ಹೋದ ಮಳೆಗಾಲದಿಂದ ಸೋರುತ್ತಿದೆ. ಅದಕ್ಕೂ ಅರ್ಜಿ ಕೊಟ್ಟಿದ್ದೆ, ಉತ್ತರವಿಲ್ಲ. ಪಕ್ಕದ ಚರಂಡಿ ಅಗೆದು ಹಾಗೇ ಬಿಟ್ಟಿದ್ದಾರೆ. ಫಲಕಕ್ಕೆ ರಾತ್ರಿಯಿಡೀ ಲೈಟು ಉರಿಯುತ್ತದೆ. ಕೆಳಗೆ ನಿಲ್ಲುವ ಮಕ್ಕಳಿಗೆ ಒಂದು ಬೀದಿದೀಪ ಇಲ್ಲ.

ಮೊದಲು ಆ ಫಲಕ ಇಳಿಸಿ. ಸೂರೂ ಸರಿಮಾಡಿ. ಚೀಟಿ ಇಲ್ಲದೆ ಕ್ರೀಮು ಮಾರುವವರನ್ನೂ ಹಿಡಿಯಿರಿ. ಏನಾದರೂ ಒಂದು ಮಾಡಿ. ಅಧಿಕಾರಿಗಳೇ, ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ ಅಲ್ವಾ? ದಿನಾ ಅದೇ ರಸ್ತೆಯಲ್ಲಿ ಜೀಪಿನಲ್ಲಿ ಓಡಾಡುತ್ತೀರಿ, ಒಂದು ಸಲವಾದರೂ ತಲೆ ಎತ್ತಿ ನೋಡಬಾರದೇ?

– ಪಿಯು ವಿದ್ಯಾರ್ಥಿನಿಯೊಬ್ಬಳ ತಾಯಿ, ಕಾಲೇಜು ರಸ್ತೆ