ತೋಟ ಮಾರೋ ಮಾತು ಈಗ ಬೇಡ

ಮ್ಯಾಂಚೆಸ್ಟರ್
ಭಾನುವಾರ

ಅಣ್ಣಯ್ಯಂಗೆ ನಮಸ್ಕಾರ,

ನಾವೆಲ್ಲ ಆರಾಮ. ನಿನ್ ಪತ್ರ ಓದ್ದಾಗಿಂದ ನಿದ್ದೆ ಇಲ್ಲ. ಕೆಳಗಿನ ತೋಟ ಮಾರಿ ಲೇಸರ್ ಮಾಡ್ಸಿದ್ರೆ ಅಪ್ಪಯ್ಯನ ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿರೋ ಗ್ರಂಥಿ) ಕ್ಯಾನ್ಸರ್ ಸುಟ್ಟೋಗುತ್ತೆ ಅಂತ ಯಾರೋ ಹೇಳಿದ್ರು ಅಂದಿದೀಯಲ್ಲ, ಅದು ಹಾಗಲ್ಲ ಕಣೋ. ಬೋನ್ ಸ್ಕ್ಯಾನಲ್ಲಿ ಸೊಂಟದ ಮೂಳೇಲಿ ಕಂಡಿದೆ ಅಂದ್ಮೇಲೆ ಪ್ರಾಸ್ಟೇಟಲ್ಲಿ ಎಷ್ಟು ಸುಟ್ರೂ ಮೂಳೇಲಿರೋದು ಅಲ್ಲೇ ಇರುತ್ತೆ. ಈ ಹಂತದಲ್ಲಿ ಲೇಸರ್ ಮಾಡೋದು ಮೂತ್ರ ಕಟ್ಟಿದ್ರೆ ದಾರಿ ಬಿಡಿಸೋಕೆ. ಹೊಟ್ಟೆ ಕೊಯ್ಯಲ್ಲ, ಮೂತ್ರದ ದಾರೀಲೇ ನಳಿಗೆ ತೂರ್ಸಿ ಅಡ್ಡ ಇರೋ ಗಡ್ಡೆ ಅಷ್ಟನ್ನ ತೆಗೀತಾರೆ, ರಕ್ತ ಕಮ್ಮಿ ಹೋಗುತ್ತೆ. ಅಪ್ಪಯ್ಯ ಸ್ಟೆಂಟ್ ಹಾಕಿಸ್ಕೊಂಡು ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಲ್ವ, ಅವ್ರಿಗೆ ಅದೊಂದು ಅನುಕೂಲ.

ಕ್ಯಾನ್ಸರ್ ಹಿಡಿದಿಡೋದು ಇಂಜೆಕ್ಷನ್ನು. ಗಂಡಸಿನ ಹಾರ್ಮೋನೇ ಇದಕ್ಕೆ ಗೊಬ್ಬರ ಇದ್ದಂಗೆ, 3 ತಿಂಗಳಿಗೊಂದು ಸೂಜಿ ಅದನ್ನ ನಿಲ್ಸುತ್ತೆ. ಬರೀ ಸೂಜಿ ಮದ್ದು ಅಂತ ಅಪ್ಪಯ್ಯ ತಾತ್ಸಾರ ಮಾಡೋದು ಬೇಡ, ಹಾರ್ಮೋನ್ ತಡೆದ್ರೆ ಇದು ಕುಗ್ಗುತ್ತೆ ಅಂತ 1941ರಲ್ಲೇ ಹಗಿನ್ಸ್ ಅನ್ನೋ ಡಾಕ್ಟ್ರು ತೋರ್ಸಿದ್ರು, 1966ರಲ್ಲಿ ನೊಬೆಲ್ಲೂ ಬಂತು. ಇನ್ನೊಂದು ಮುಖ್ಯ ವಿಷಯ, ಸೂಜಿ ಶುರುವಾದ್ಮೇಲೆ ಗಡ್ಡೆ ಸಣ್ಣಗಾಗಿ ಕೆಲವ್ರಿಗೆ ಮೂತ್ರ ತಾನಾಗೇ ಬಿಡುತ್ತೆ, ಲೇಸರ್ ಬೇಕಾಗೋದೇ ಇಲ್ಲ, ನಾನು ಕೆಲಸ ಮಾಡೋ ವಾರ್ಡಲ್ಲೇ ನೋಡಿದೀನಿ. ಅದಕ್ಕೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಕೇಳು, ಕ್ಯಾಥಿಟರ್ (ಮೂತ್ರ ಹೊರಗೆ ಬಿಡೋ ನಳಿಗೆ) ಇಟ್ಕೊಂಡು ಕೆಲವು ವಾರ ಕಾಯಬಹುದಾ ಅಂತ. ಆಗ್ಲೂ ಬಿಡ್ಲಿಲ್ಲ ಅಂದ್ರೆ ಲೇಸರ್ ಮಾಡ್ಸೇ ಮಾಡ್ಸೋಣ, ದುಡ್ಡು ನಾನು ಕಳಿಸ್ತೀನಿ, ಅಜ್ಜಯ್ಯ ನೆಟ್ಟ ಅಡಿಕೆ ಮುಟ್ಬೇಡ.

ಅಪ್ಪಯ್ಯ ಮೂತ್ರದ ಚೀಲ ಹಿಡ್ಕೊಂಡು ಜಗಲಿಗೂ ಬರ್ತಿಲ್ಲ ಅಂತ ಅಮ್ಮ ಫೋನಲ್ಲಿ ಅತ್ರು. ನಾಚಿಕೆ ಯಾತಕ್ಕೆ? ಇಲ್ಲಿಯ ರಾಜನೇ 2024ರಲ್ಲಿ ಪ್ರಾಸ್ಟೇಟ್ ದೊಡ್ಡದಾಗಿದೆ, ಆಸ್ಪತ್ರೆಗೆ ಹೋಗ್ತಿದೀನಿ ಅಂತ ದೇಶಕ್ಕೆಲ್ಲ ತಿಳಿಸಿದ್ರು (ಅದು ಕ್ಯಾನ್ಸರ್ ಅಲ್ಲ, ಬರೀ ಊತ). ನವೆಂಬರ್ ಬಂದ್ರೆ ಇಲ್ಲಿಯ ಗಂಡಸ್ರು ಈ ಕಾಯಿಲೆ ಹೆಸ್ರಲ್ಲಿ ಮೀಸೆ ಬಿಟ್ಟು ಚಂದಾ ಎತ್ತುತಾರೆ, ನಮ್ ಡಾಕ್ಟ್ರೂ ಬಿಟ್ಟಿದ್ರು, ಅಪ್ಪಯ್ಯನ ಮೀಸೆ ಮುಂದೆ ಅದೇನೂ ಅಲ್ಲ ಬಿಡು. ಮಗಳು ಇದನ್ನೆಲ್ಲ ಬರ್ದಿದಾಳೆ ಅಂತ ಮಾತ್ರ ಅವ್ರಿಗೆ ಹೇಳ್ಬೇಡ, ಡಾಕ್ಟ್ರು ಹೇಳಿದ್ರು ಅನ್ನು.

ಬೆನ್ನು ನೋವು ಜಾಸ್ತಿಯಾಗಿ ಕಾಲು ಸೋತಂಗೆ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ಆಗ್ಲೇ ಆಸ್ಪತ್ರೆಗೆ ಕರ್ಕೊಂಡೋಗು. ಹಂಗೇನೂ ಆಗಲ್ಲ, ಖಂಡಿತ ಆಗಲ್ಲ, ಅಮ್ಮಂಗೆ ಧೈರ್ಯ ಹೇಳು, ಅಪ್ಪಯ್ಯ ಗಟ್ಟಿ ಮನುಷ್ಯ. ಅತ್ತಿಗೆ, ಮಕ್ಕಳನ್ನ ಕೇಳಿದೆ ಅನ್ನು. ಡ್ಯೂಟಿಗೆ ಹೊತ್ತಾಯ್ತು, ಪಿಎಸ್‌ಎ (ಪ್ರಾಸ್ಟೇಟ್ ರಕ್ತಪರೀಕ್ಷೆ) ರಿಪೋರ್ಟ್ ಫೋಟೋ ಇವತ್ತೇ ಕಳ್ಸು.

ನಿನ್ ತಂಗಿ
ಸುಮ