ಹೂಳೆತ್ತುವ ಮುನ್ನ ಕಾಗಿಣೆಯ ಜೀವಿಗಳನ್ನು ನಕ್ಷೆಗೆ ತನ್ನಿ: ಕೆಕೆಆರ್‌ಡಿಬಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ.

ಮಾನ್ಯರೇ,

ನಮ್ಮ ಕಲಬುರಗಿ ಜಿಲ್ಲೆಯ ಕಾಗಿಣಾ ನದಿಪಾತ್ರದಲ್ಲಿ ಹೂಳೆತ್ತುವುದಕ್ಕಾಗಲಿ, ತಡೆಗೋಡೆ ಕಟ್ಟುವುದಕ್ಕಾಗಲಿ ಅನುದಾನ ಮಂಜೂರು ಮಾಡುವ ಮುನ್ನ, ಆ ನೀರಿನಲ್ಲಿ ಯಾವ ಯಾವ ಜೀವಿಗಳಿವೆ ಎಂಬುದನ್ನು ಪರಿಸರ ಡಿಎನ್‌ಎ ವಿಧಾನದಿಂದ ಪತ್ತೆಹಚ್ಚಿ ನಕ್ಷೆಗೆ ತರುವ ಕೆಲಸವನ್ನು ಮಂಡಳಿ ಕೈಗೆತ್ತಿಕೊಳ್ಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಮೀನು, ಕಪ್ಪೆ, ಆಮೆಗಳ ಲೋಳೆ, ಚರ್ಮದ ಕಣ ಮತ್ತು ಮಲದ ಮೂಲಕ ಅವುಗಳ ಡಿಎನ್‌ಎ ನೀರಿಗೆ ಸೇರುತ್ತಲೇ ಇರುತ್ತದೆ. ಒಂದೆರಡು ಲೀಟರ್ ನೀರನ್ನು ಸೂಕ್ಷ್ಮ ಶೋಧಕದಲ್ಲಿ ಸೋಸಿ, ಅಲ್ಲಿ ಉಳಿದದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ, ಬಲೆ ಬೀಸದೆಯೇ ಅಲ್ಲಿನ ಜೀವಿಗಳ ಗುರುತು ಸಿಗುತ್ತದೆ. 2008ರಲ್ಲಿ ಫ್ರಾನ್ಸಿನ ಕುಂಟೆಗಳಲ್ಲಿ ಅಮೆರಿಕನ್ ಬುಲ್‌ಫ್ರಾಗ್ ಕಪ್ಪೆಯನ್ನು ಹೀಗೆ ಪತ್ತೆ ಮಾಡಲಾಯಿತು. ನಮಗೆ ಹತ್ತಿರದ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರವನ್ನು ಇದೇ ವಿಧಾನದಲ್ಲಿ ಅಧ್ಯಯನ ಮಾಡಿದ್ದಾರೆ.

ಬೇಸಿಗೆಯಲ್ಲಿ ಕಾಗಿಣೆಯ ಹರಿವು ನಿಂತಾಗ ಕಲ್ಲುಹಾಸಿನ ನಡುವಿನ ಮಡುಗಳಲ್ಲಿ ಮಾತ್ರ ನೀರುಳಿಯುತ್ತದೆ. ಮುಂದಿನ ಮಳೆಗಾಲಕ್ಕೆ ಬೇಕಾದ ತಾಯಿಮೀನುಗಳು ಉಳಿಯುವುದು ಅಲ್ಲಿಯೇ. ಯಾವ ಮಡುವಿನಲ್ಲಿ ಏನಿದೆ ಎಂದು ತಿಳಿಯದೆ ಜೆಸಿಬಿ ಇಳಿಸಿದರೆ, ಏನು ಕಳೆದುಕೊಂಡೆವು ಎಂಬುದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಕೇಂದ್ರ ಸರ್ಕಾರ ಸಾಕಣೆ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಎಲ್ಲಿಯಾದರೂ ಹೊಕ್ಕಿದ್ದರೆ, ಅದು ಬಲೆಗೆ ಬೀಳುವಷ್ಟು ಹೆಚ್ಚುವ ಮೊದಲೇ ನೀರಿನ ಮಾದರಿ ಅದರ ಸುಳಿವು ಕೊಡಬಲ್ಲದು.

ಈ ವಿಧಾನದ ಮಿತಿಗಳನ್ನೂ ತಮ್ಮ ಗಮನಕ್ಕೆ ತರಬೇಕು. ಮೀನುಗಳ ಸಂಖ್ಯೆಯನ್ನಾಗಲಿ ವಯಸ್ಸನ್ನಾಗಲಿ ಇದು ಹೇಳುವುದಿಲ್ಲ. ನಮ್ಮ ಜಿಲ್ಲೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಡಿಎನ್‌ಎ ಬೇಗ ಕೆಡುವುದರಿಂದ ನೀರನ್ನು ದಡದಲ್ಲೇ ಸೋಸಿ, ಶೋಧಕವನ್ನು ಆಲ್ಕೋಹಾಲಿನಲ್ಲಿ ಇರಿಸಬೇಕಾಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ರಾಡಿಗೆ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಪಟ್ಟಣದ ಮೀನು ಮಾರುಕಟ್ಟೆಯ ಕೊಳಚೆ ಸೇರುವ ಕಡೆ ಮಾದರಿ ತೆಗೆದರೆ, ಕಾಗಿಣೆಯಲ್ಲಿ ಸಮುದ್ರದ ಬಂಗುಡೆ ಇದೆ ಎಂಬ ವರದಿ ಬಂದೀತು!

ಆದ್ದರಿಂದಲೇ ನಕ್ಷೆ ಮುಖ್ಯ. ಡಿಎನ್‌ಎ ಹರಿವಿನೊಂದಿಗೆ ಕೆಳಕ್ಕೆ ಸಾಗುವುದರಿಂದ, ಬೆಣ್ಣೆತೊರೆಯಂಥ ಉಪನದಿಗಳು ಸೇರುವ ಜಾಗದ ಮೇಲೂ ಕೆಳಗೂ ಬೇರೆ ಬೇರೆ ಮಾದರಿ ತೆಗೆದು, ಪ್ರತಿ ಜಾಗದ ಅಕ್ಷಾಂಶ–ರೇಖಾಂಶ ಬರೆದಿಟ್ಟು, ಅದೇ ನಕ್ಷೆಯಲ್ಲಿ ಬ್ಯಾರೇಜು, ಚರಂಡಿ, ಕಲ್ಲುಗಣಿ ಮತ್ತು ಕಾರ್ಖಾನೆಗಳನ್ನೂ ತೋರಿಸಬೇಕು. ಸೇಡಂ, ಚಿತ್ತಾಪುರ, ಶಹಾಬಾದ್ ಎಂದು ತಾಲೂಕುವಾರು ಕ್ರಿಯಾಯೋಜನೆ ಮಾಡಿದರೆ, ಮೇಲಿನ ತಾಲೂಕಿನ ಕೊಳಚೆಯಿಂದ ಕೆಳಗಿನ ತಾಲೂಕಿನ ಮೀನಿಗೆ ಆಗುವ ಹಾನಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೊಲದ ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ನೋಡುವ ನಮ್ಮ ರೈತರಿಗೆ ಇಂಥ ನಕ್ಷೆ ಓದುವುದು ಕಷ್ಟವೇನಲ್ಲ.

ಮಳಖೇಡದಿಂದ ಭೀಮಾ ಸಂಗಮದವರೆಗಿನ ಭಾಗದಲ್ಲಿ ಮಳೆಗಾಲಕ್ಕೆ ಮುಂಚೆ, ಮಳೆ ನಿಂತ ಮೇಲೆ ಮತ್ತು ಚಳಿಗಾಲದಲ್ಲಿ ಮಾದರಿ ತೆಗೆಯುವ ಒಂದು ವರ್ಷದ ಪ್ರಾಯೋಗಿಕ ಯೋಜನೆಗೆ ಮಂಜೂರಾತಿ ನೀಡಬೇಕೆಂದು ವಿನಂತಿಸುತ್ತೇನೆ. ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಇದರಲ್ಲಿ ತೊಡಗಿಸಬಹುದು. ಮಡುಗಳ ಆಳ ಬಲ್ಲ ಮೀನುಗಾರರನ್ನು ಬರೀ ದೋಣಿ ನಡೆಸಲು ಕರೆಯದೆ, ಜಾಗ ಗೊತ್ತುಮಾಡುವ ಸಭೆಯಲ್ಲೇ ಕೂರಿಸಿ, ದಿನದ ಸಂಭಾವನೆ ಕೊಡಿಸಬೇಕು. ಫಲಿತಾಂಶ ಕನ್ನಡದಲ್ಲಿ ಸಾರ್ವಜನಿಕವಾಗಿ ಸಿಗಬೇಕು. ಅದು ಬರುವವರೆಗೆ ಈ ಭಾಗದ ಮಡುಗಳಲ್ಲಿ ಹೂಳೆತ್ತುವ ಟೆಂಡರ್ ಕರೆಯಬಾರದು.

ತಮ್ಮ ವಿಶ್ವಾಸಿ,
ಕಾಗಿಣಾ ದಂಡೆಯ ಒಬ್ಬ ನಿವಾಸಿ