ಅಗಲದ ಗಾಲಿ ಹಾಕಿ, ಹಿಂದಿನ ಬ್ರೇಕ್ ಬಿಚ್ಚಿಟ್ಟು ಓಡಿಸಬೇಡಿ

ಮಾನ್ಯ ಸಂಪಾದಕರೇ,

ಬೆಳಗಿನ ಹೊತ್ತು ಮೋಕಾ ರಸ್ತೆಗೋ ಹೊಸಪೇಟೆ ರಸ್ತೆಗೋ ಹೋದರೆ ಈಗ ನಮ್ಮ ಬಳ್ಳಾರಿಯಲ್ಲೂ ಟ್ರಯಥ್ಲಾನ್ ಸೈಕಲ್ ಕಾಣುತ್ತವೆ. ಮೊಣಕೈ ಊರಿ, ಬೆನ್ನು ಬಗ್ಗಿಸಿ ತುಳಿಯುತ್ತಾರಲ್ಲ, ಆ ಸೈಕಲ್. ಗೋವಾದಲ್ಲಿ 2019ರಲ್ಲಿ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ಸ್ಪರ್ಧೆ ಶುರುವಾದ ಮೇಲೆ ಈ ಆಸೆ ನಮ್ಮ ಕಡೆ ಹುಡುಗರಿಗೂ ಬಂದಿದೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಹೊಸ ಸೈಕಲ್ಲಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಹಾಗಾಗಿ ಹೆಚ್ಚಿನವರು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಹಳೇದು ತರುತ್ತಾರೆ. ತಂದ ಮೇಲೆ ಮೊದಲು ಬದಲಾಯಿಸುವುದು ಗಾಲಿ. ನಾನು ಈ ಪತ್ರ ಬರೆಯುತ್ತಿರುವುದು ಆ ಗಾಲಿಯ ವಿಷಯಕ್ಕೇ.

ಗಾಲಿ ಬದಲಾಯಿಸುವುದು ತಪ್ಪಲ್ಲ. ನಮ್ಮ ರಸ್ತೆ ನಿಮಗೆ ಗೊತ್ತೇ ಇದೆ. ಅದಿರು ಲಾರಿ ಓಡಿ ಓಡಿ ಡಾಂಬರು ಕಿತ್ತುಹೋಗಿರುತ್ತದೆ, ಅಂಚಿನಲ್ಲಿ ಜಲ್ಲಿ. ಇಂಥ ಕಡೆ 23 ಮಿ.ಮೀ. ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿ ಓಡಿಸಿದರೆ ಕೈ ಜೋಮು ಹಿಡಿಯುತ್ತದೆ, ವೇಗವೂ ಬರುವುದಿಲ್ಲ. ಅಗಲದ ರಿಮ್ಮು, 25 ಅಥವಾ 28ರ ಟೈರು, ಸ್ವಲ್ಪ ಕಡಿಮೆ ಗಾಳಿ ಇದ್ದರೆ ಒರಟು ರಸ್ತೆಯಲ್ಲಿ ಸೈಕಲ್ ಹಗುರವಾಗಿ ಸಾಗುತ್ತದೆ. ಆದರೆ ಆ ಗಾಲಿ ಹಾಕಿದ ಕೂಡಲೇ ಹಿಂದಿನ ಬ್ರೇಕ್ ಉಜ್ಜಲು ಶುರು. ಆಗ ಏನು ಮಾಡುತ್ತಾರೆ ಗೊತ್ತಾ? ಬ್ರೇಕಿನ ಕ್ವಿಕ್ ರಿಲೀಸ್ (ಗಾಲಿ ಬಿಚ್ಚುವಾಗ ಬ್ರೇಕ್ ಅಗಲಿಸುವ ಪುಟ್ಟ ಹಿಡಿ) ತೆರೆದು ಹಾಗೇ ಬಿಡುತ್ತಾರೆ. ಇಲ್ಲದಿದ್ದರೆ ಕೇಬಲ್ ಸಡಿಲಿಸಿಬಿಡುತ್ತಾರೆ. ಗಾಲಿ ಸಲೀಸಾಗಿ ತಿರುಗುತ್ತದೆ, ಎಲ್ಲರಿಗೂ ಖುಷಿ. ಲಿವರ್ ಪೂರ್ತಿ ಒತ್ತಿದರೂ ಬ್ರೇಕಿನ ರಬ್ಬರ್ ರಿಮ್ಮಿಗೆ ತಾಗುತ್ತದೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ನನಗೆ ಗೊತ್ತಿರುವ ಹುಡುಗನೊಬ್ಬನಿಗೆ ಅಂಗಡಿಯಲ್ಲೇ ಹೀಗೆ ಮಾಡಿಕೊಟ್ಟು, "ಮುಂದಿನ ಬ್ರೇಕ್ ಇದೆಯಲ್ಲ, ಸಾಕು" ಅಂದಿದ್ದಾರೆ. ಇದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಸಂಡೂರಿನ ಇಳಿಜಾರಿನಲ್ಲಿ ಎದುರಿಗೆ ಲಾರಿ ಬಂದಾಗ ಮುಂದಿನ ಬ್ರೇಕ್ ಒಂದನ್ನೇ ಗಟ್ಟಿಯಾಗಿ ಹಿಡಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಟ್ರಯಥ್ಲಾನ್ ಸ್ಪರ್ಧೆಯ ನಿಯಮದಲ್ಲೂ ಎರಡೂ ಗಾಲಿಗೆ ಬ್ರೇಕ್ ಇರಲೇಬೇಕು.

ಮೊದಲು ಯಾಕೆ ಉಜ್ಜುತ್ತದೆ ಅಂತ ಹೇಳುತ್ತೇನೆ. ಹತ್ತು ಹದಿನೈದು ವರ್ಷದ ಹಿಂದಿನ ಸೈಕಲ್‌ಗಳನ್ನು ಹೊರಗಿನ ಅಗಲ 19-20 ಮಿ.ಮೀ. ಇರುವ ರಿಮ್ಮಿಗೆ ಲೆಕ್ಕ ಹಾಕಿ ಮಾಡಿದ್ದರು. ಈಗಿನ ರಿಮ್ಮು 26, 28, ಕೆಲವು ಅದಕ್ಕಿಂತಲೂ ಜಾಸ್ತಿ. 20 ಇದ್ದದ್ದು 28 ಆದರೆ ಒಂದೊಂದು ಕಡೆಗೆ 4 ಮಿ.ಮೀ. ಹೆಚ್ಚು. ರಬ್ಬರಿಗೂ ರಿಮ್ಮಿಗೂ ನಡುವೆ ಸಾಮಾನ್ಯವಾಗಿ ಬಿಡುವ ಜಾಗವೇ ಎರಡು ಮಿ.ಮೀ. ಆಸುಪಾಸು. ಉಜ್ಜದೆ ಇನ್ನೇನಾಗುತ್ತದೆ? ಮುಂದಿನ ಬ್ರೇಕ್ ಕಣ್ಣೆದುರೇ ಇರುತ್ತದೆ, ಸರಿ ಮಾಡುವುದು ಸುಲಭ. ಹಿಂದಿನದನ್ನು ಗಾಳಿಗೆ ಅಡ್ಡ ಬರದಿರಲಿ ಎಂದು ಬಹಳ ಕಂಪನಿಗಳು ಪೆಡಲ್ ಅಚ್ಚಿನ ಕೆಳಗೆ, ಹಿಂದಿನ ಪೈಪುಗಳ ಅಡಿಯಲ್ಲಿ ಬಚ್ಚಿಟ್ಟಿವೆ. ಅಲ್ಲಿ ಕೈ ಹೋಗುವುದೇ ಕಷ್ಟ. ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಬೇರೆ. ಬ್ರೇಕಿನ ತೋಳು ಅಗಲಕ್ಕೆ ತೆರೆದಾಗ ಕೆಲವು ಸೈಕಲ್‌ಗಳಲ್ಲಿ ಆ ಮುಚ್ಚಳಕ್ಕೇ ತಗಲುತ್ತದೆ, ಅದನ್ನೂ ತೆಗೆದು ನೋಡಬೇಕು.

ಇನ್ನು ಪಾನಾ ಹಿಡಿಯುವ ಮೊದಲು ಸುಮ್ನೆ ಗಾಲಿ ತಿರುಗಿಸಿ ಕಿವಿಗೊಡಿ. ಸುತ್ತಿಗೊಂದು ಸಲ ಮಾತ್ರ ಸದ್ದು ಬಂದರೆ ರಿಮ್ಮಿಗೆ ಬೆಂಡ್ ಇದೆ, ಕಡ್ಡಿ ಸರಿ ಮಾಡಿ ಬೆಂಡ್ ತೆಗೆಸಬೇಕು. ಬಿಡದೆ ಒಂದೇ ಸಮ ಉಜ್ಜಿದರೆ ಜಾಗ ಸಾಲದು ಅಥವಾ ಗಾಲಿ ಒಂದು ಪಕ್ಕಕ್ಕೆ ಕೂತಿದೆ. ನಿಂತು ಜೋರಾಗಿ ತುಳಿದಾಗ ಮಾತ್ರ ಸದ್ದು ಬರುತ್ತಾ? ಹಾಗಿದ್ದರೆ ಗಾಲಿಯ ಕ್ವಿಕ್ ರಿಲೀಸ್ (ಅಚ್ಚು ಬಿಗಿಯುವ ಹಿಡಿ) ಬಿಗಿಯಿಲ್ಲ, ಇಲ್ಲವೇ ಕಡ್ಡಿಗಳಲ್ಲಿ ಬಿಗಿ ಸಾಲದೆ ಗಾಲಿ ವಾಲುತ್ತಿದೆ. ಉಜ್ಜುತ್ತಿರುವುದು ರಬ್ಬರೋ, ಟೈರು ಫ್ರೇಮಿಗೋ ಎನ್ನುವುದನ್ನೂ ಈಗಲೇ ನೋಡಿಕೊಳ್ಳಬೇಕು. ಪೈಪಿನ ಒಳಗಡೆ ಕಪ್ಪು ಗೆರೆ ಬಿದ್ದಿದ್ದರೆ ಅದು ಟೈರಿನ ಗುರುತು, ಅದರ ವಿಷಯ ಮುಂದೆ ಹೇಳುತ್ತೇನೆ.

ಆಮೇಲೆ ಗಾಲಿ ಸರಿಯಾಗಿ ಕೂತಿದೆಯಾ ನೋಡಿ. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಗಾಲಿಯ ಕ್ವಿಕ್ ರಿಲೀಸ್ ಸಡಿಲಿಸಿ, ಸೈಕಲ್ಲಿನ ಭಾರಕ್ಕೇ ಅಚ್ಚು ಕೂರಲು ಬಿಟ್ಟು ಬಿಗಿಯಿರಿ. ಹಳೇ ಟ್ರಯಥ್ಲಾನ್ ಸೈಕಲ್ ಬಹಳಷ್ಟರಲ್ಲಿ ಹಿಂದಿನ ಅಚ್ಚು ಹಿಂಬದಿಯಿಂದ ಜಾರಿ ಒಳಗೆ ಹೋಗುತ್ತದೆ, ಅಲ್ಲಿ ಅಚ್ಚು ತಾಗಿ ನಿಲ್ಲಲು ಎರಡು ಪುಟ್ಟ ಸ್ಕ್ರೂ ಇರುತ್ತವೆ. ಎರಡೂ ಒಂದೇ ಸಮ ಇಲ್ಲದಿದ್ದರೆ ಗಾಲಿ ಓರೆ ಕೂರುತ್ತದೆ, ನೀವು ಬ್ರೇಕನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಅದೂ ಸರಿ ಇದ್ದು ಒಂದೇ ಕಡೆ ಉಜ್ಜಿದರೆ ಒಂದು ಪರೀಕ್ಷೆ ಇದೆ. ಬ್ರೇಕ್ ಸಡಿಲಿಸಿ, ಚೈನ್ ಹಾಕದೆ ಗಾಲಿಯನ್ನು ಉಲ್ಟಾ ಕೂರಿಸಿ ನೋಡಿ. ಉಲ್ಟಾ ಮಾಡಿದಾಗ ಈಚೆ ಕಡೆ ಇದ್ದ ಓರೆ ಆಚೆ ಕಡೆಗೆ ಹೋದರೆ ತಪ್ಪು ಗಾಲಿಯದ್ದು, ರಿಮ್ಮು ಹಬ್ಬಿನ (ಕಡ್ಡಿಗಳು ಸೇರುವ ಗಾಲಿಯ ಗುಂಬ) ನಡುಮಧ್ಯಕ್ಕಿಲ್ಲ. ಮೊದಲಿನ ಕಡೆಯೇ ಉಳಿದರೆ ತಪ್ಪು ಬ್ರೇಕಿನದೋ ಫ್ರೇಮಿನದೋ. ನಮ್ಮೂರಿನ ಹಳೇ ಸೈಕಲ್ ಮೇಸ್ತ್ರಿಗಳು ಗಾಲಿ ನಡುವಿಗೆ ತರುವುದರಲ್ಲಿ, ಬೆಂಡ್ ತೆಗೆಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸುತ್ತಾ ಕಣ್ಣಳತೆಯಲ್ಲೇ ಸರಿ ಮಾಡುತ್ತಾರೆ. ದುಬಾರಿ ಸೈಕಲ್ ಅಂತ ಅವರ ಹತ್ತಿರ ಹೋಗಲು ಹಿಂಜರಿಯುವ ಹುಡುಗರು ಆ ಕೈಗಳನ್ನು ಒಮ್ಮೆ ನೋಡಬೇಕು.

ಈಗ ಬ್ರೇಕಿನ ಕೆಲಸ. ಹಳೇ ರಬ್ಬರು ತೆಗೆದು ದಪ್ಪ ನೋಡಿ. ತೆಳು ರಬ್ಬರು ಸಿಕ್ಕರೆ ಅದೇ ಒಳ್ಳೆಯದು, ಸಿಗದಿದ್ದರೆ ಹೊಸ ದಪ್ಪ ರಬ್ಬರನ್ನು ಉಪ್ಪುಕಾಗದದ ಮೇಲೆ ಸಮವಾಗಿ ಉಜ್ಜಿ ತೆಳ್ಳಗೆ ಮಾಡಬಹುದು, ಆದರೆ ಸವೆತದ ಗೆರೆ ದಾಟಿ ಹೋಗಲೇಬಾರದು. ಕೆಲವು ಸೈಕಲ್‌ಗಳಲ್ಲಿ ಬ್ರೇಕ್ ಶೂ (ರಬ್ಬರು ಕೂರುವ ಭಾಗ) ಹಿಂದೆ ಬೋಲ್ಟು ಇದ್ದು, ಒಳಗೊಂದು ಹೊರಗೊಂದು ವಾಷರ್ ಇರುತ್ತದೆ, ಒಂದು ದಪ್ಪ, ಒಂದು ತೆಳು. ದಪ್ಪ ವಾಷರನ್ನು ಹೊರಗೆ ಹಾಕಿ ತೆಳುವನ್ನು ಒಳಗೆ ಹಾಕಿದರೆ ಎರಡೂ ಕಡೆ ಒಂದೆರಡು ಮಿ.ಮೀ. ಜಾಗ ಪುಕ್ಕಟೆ ಸಿಗುತ್ತದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ನಂತರ ಕೇಬಲ್. ಬ್ರೇಕಿನ ಕ್ವಿಕ್ ರಿಲೀಸನ್ನು ಮುಚ್ಚಿಟ್ಟುಕೊಂಡೇ ಕೇಬಲ್ ಬೋಲ್ಟು ಸಡಿಲಿಸಿ, ತೋಳುಗಳನ್ನು ಹೊಸ ರಿಮ್ಮಿಗೆ ಬೇಕಾದಷ್ಟು ತೆರೆದು, ಅಲ್ಲಿ ಮತ್ತೆ ಬಿಗಿಯಬೇಕು. ಮುಚ್ಚಿಟ್ಟುಕೊಂಡೇ ಎನ್ನುವುದು ಮುಖ್ಯ. ತೆರೆದಿಟ್ಟು ಹೊಂದಿಸಿದರೆ ಮುಂದೆ ಗಾಲಿ ಬಿಚ್ಚುವಾಗ ತೆರೆಯಲು ಏನೂ ಉಳಿದಿರುವುದಿಲ್ಲ. ಒಂದು ರಬ್ಬರು ಹತ್ತಿರ, ಒಂದು ದೂರ ಇದ್ದರೆ ತೋಳಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಸಮ ಮಾಡಿ.

ತೋಳು ಅಗಲವಾದಾಗ ರಬ್ಬರು ಕೂರುವ ಓರೆಯೂ ಬದಲಾಗುತ್ತದೆ. ಶೂ ಬೋಲ್ಟು ಸಡಿಲಿಸಿ ಅದನ್ನು ಮತ್ತೆ ರಿಮ್ಮಿನ ಪಟ್ಟಿಯ ಮೇಲೆ ಚಪ್ಪಟೆ ಕೂರುವಂತೆ ಮಾಡಿ. ಮೇಲೆ ಹೋಗಿ ಟೈರಿಗೆ ತಾಗಿದರೆ ಟೈರಿನ ಪಕ್ಕ ಕೊಯ್ದುಹೋಗುತ್ತದೆ. ಕಾರ್ಬನ್ ರಿಮ್ಮಾದರೆ ಅದಕ್ಕೆಂದೇ ಮಾಡಿದ ರಬ್ಬರು ಹಾಕಬೇಕು. ಅಲ್ಯೂಮಿನಿಯಂ ರಿಮ್ಮಿಗೆ ಓಡಿಸಿದ ರಬ್ಬರಿನಲ್ಲಿ ಲೋಹದ ಚೂರು ಸಿಕ್ಕಿಕೊಂಡಿರುತ್ತವೆ, ಅವು ಕಾರ್ಬನ್ನನ್ನು ಗೀರುತ್ತವೆ. ಉಜ್ಜಿಕೊಂಡೇ ಓಡಿಸಿದರೆ ಬಿಸಿಯಾಗುತ್ತದೆ ಅನ್ನುವುದೂ ನೆನಪಿರಲಿ, ಮೇ ತಿಂಗಳ ಬಳ್ಳಾರಿ ಬಿಸಿಲಿನ ಮೇಲೆ ಆ ಬಿಸಿಯೂ ಸೇರಿದರೆ ಕಾರ್ಬನ್ ರಿಮ್ಮಿಗೂ ಟ್ಯೂಬಿಗೂ ಒಳ್ಳೆಯದಲ್ಲ.

ನಮ್ಮ ಊರಿಗೇ ಸೇರಿದ ಇನ್ನೊಂದು ಕಾರಣ ದೂಳು. ಪೆಡಲ್ ಅಚ್ಚಿನ ಕೆಳಗೆ ಇರುವ ಬ್ರೇಕಿಗೆ ಗಾಲಿಯಿಂದ ಹಾರಿದ ಅದಿರಿನ ಕೆಂಪು ದೂಳು, ಮಳೆಗಾಲದಲ್ಲಿ ಎರೆ ಮಣ್ಣು, ಎಲ್ಲಾ ಬಂದು ಮೆತ್ತಿಕೊಳ್ಳುತ್ತದೆ. ಕೇಬಲ್ ಕವರಿನ ಒಳಗೂ ಸೇರುತ್ತದೆ. ಬ್ರೇಕ್ ಹಿಡಿದು ಬಿಟ್ಟ ಮೇಲೆ ತೋಳು ವಾಪಸ್ ಬರುವುದೇ ಇಲ್ಲ. ಜನ ಇದನ್ನು ಅಗಲದ ಗಾಲಿಯ ತೊಂದರೆ ಎಂದೇ ತಿಳಿಯುತ್ತಾರೆ. ಕೇಬಲ್ಲೂ ಕವರೂ ಎರಡನ್ನೂ ಬದಲಾಯಿಸಿ, ತೋಳಿನ ಕೀಲು ಒರೆಸಿ ಒಂದು ತೊಟ್ಟು ಎಣ್ಣೆ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಹೋಗಬಹುದು. ಎಣ್ಣೆ ರಬ್ಬರಿಗೆ ಮಾತ್ರ ತಾಗಬಾರದು.

ಇಷ್ಟೆಲ್ಲ ಮಾಡಿದರೂ ಆಗದ ಸೈಕಲ್ ಇವೆ. ಅದನ್ನು ಒಪ್ಪಿಕೊಳ್ಳಲು ಧೈರ್ಯ ಬೇಕು, ಯಾಕೆಂದರೆ ಅಷ್ಟೊತ್ತಿಗೆ ಗಾಲಿಗೆ ದುಡ್ಡು ಕೊಟ್ಟಾಗಿರುತ್ತದೆ. ಗಾಳಿ ತುಂಬಿದ ಟೈರಿಗೂ ಫ್ರೇಮಿಗೂ ಮಧ್ಯೆ ಎರಡೂ ಕಡೆ ಸುಮಾರು 4 ಮಿ.ಮೀ. ಇರಬೇಕು. ಟೈರಿನ ಮೇಲೆ 25 ಅಂತ ಬರೆದಿದ್ದರೂ ಅಗಲದ ರಿಮ್ಮಿನ ಮೇಲೆ ಅದು 27ರ ತನಕ ಉಬ್ಬುತ್ತದೆ, ಹಾಗಾಗಿ ವರ್ನಿಯರ್ ಹಿಡಿದು ಅಳೆಯಿರಿ, ಬರೆದದ್ದನ್ನು ನಂಬಬೇಡಿ. ಜಾಗ ಸಾಲದು ಅಂತ ಕೆಲವರು ಅಗಲದ ರಿಮ್ಮಿಗೇ ಸಣ್ಣ ಟೈರು ಹಾಕುತ್ತಾರೆ. ಇದು ಅಪಾಯ. ಒಳ ಅಗಲ 23 ಮಿ.ಮೀ. ಇರುವ ರಿಮ್ಮಿಗೆ ಕನಿಷ್ಠ 28ರ ಟೈರು ಬೇಕು. ಹುಕ್‌ಲೆಸ್ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ) ರಿಮ್ಮಾದರೆ ಗಾಳಿಯೂ 5 ಬಾರ್ ಮೀರಬಾರದು, ಅಂದರೆ 72 ಪಿಎಸ್‌ಐ ಆಸುಪಾಸು. ಮೀರಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಫ್ರೇಮನ್ನು ಅರದಿಂದ ಉಜ್ಜಿ ಜಾಗ ಮಾಡುವುದಂತೂ ಬೇಡವೇ ಬೇಡ. ಕಾರ್ಬನ್ ಪೈಪು ತೆಳ್ಳಗಾದ ಜಾಗದಲ್ಲೇ ಮುರಿಯುವುದು. ಹಾಗೆ ಜಾಗವಿಲ್ಲದ ಫ್ರೇಮಿಗೆ ಹಳೇ ಕಡಿಮೆ ಅಗಲದ ಗಾಲಿಯೇ ಸರಿ. ಮುಂದಿನ ಗಾಲಿ ಮಾತ್ರ ಅಗಲದ್ದು ಹಾಕಿ ಹಿಂದಿನದನ್ನು ಹಳೇದೇ ಇಟ್ಟುಕೊಂಡರೂ ಕೈ ನೋವು ಕಡಿಮೆಯಾಗುತ್ತದೆ.

ಕೆಲಸ ಮುಗಿದ ಮೇಲೆ ಲಿವರ್ ಪೂರ್ತಿ ಬಲ ಹಾಕಿ ಒತ್ತಿ. ಲಿವರ್ ಹ್ಯಾಂಡಲ್ ಮುಟ್ಟುವ ಮೊದಲೇ ಗಾಲಿ ಗಟ್ಟಿಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ಆ ಸೈಕಲ್ ಮನೆಯಿಂದ ಹೊರಗೆ ಹೋಗಬಾರದು, ಉಜ್ಜುವ ಸದ್ದು ನಿಂತಿದೆಯೋ ಇಲ್ಲವೋ ಆಮೇಲಿನ ಮಾತು. ಮೊದಲ ಸವಾರಿ ಲಾರಿ ಓಡದ ಖಾಲಿ ಜಾಗದಲ್ಲಿರಲಿ. ಬಂದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ, ಕಾರ್ಬನ್ ಭಾಗಕ್ಕೆ ಕೂರುವ ಬೋಲ್ಟನ್ನು ಟಾರ್ಕ್ ಪಾನಾದಲ್ಲೇ (ಬಿಗಿ ಎಷ್ಟೆಂದು ಅಳೆಯುವ ಪಾನಾ) ಬಿಗಿಯಬೇಕು, ಕೈ ಅಂದಾಜಿನಲ್ಲಿ ಬೇಡ.

ಸಂಪಾದಕರೇ, ನಿಮ್ಮನ್ನು ಕೇಳುವುದು ಇಷ್ಟೇ. ಕ್ರೀಡಾ ಪುಟದಲ್ಲಿ ಗೆದ್ದವರ ಫೋಟೊ ಹಾಕುತ್ತೀರಿ, ಸಂತೋಷ. ಅದರ ಪಕ್ಕದಲ್ಲಿ ವಾರಕ್ಕೊಮ್ಮೆ ಅರ್ಧ ಕಾಲಂ ಸೈಕಲ್ ರಿಪೇರಿಗೆ ಕೊಡಿ, ಕನ್ನಡದಲ್ಲಿ, ಚಿತ್ರ ಸಮೇತ. ಇಂಗ್ಲಿಷ್ ವಿಡಿಯೊ ನೋಡಿ ಕಲಿಯಲಾಗದ ಮೇಸ್ತ್ರಿಗಳು ನಮ್ಮಲ್ಲಿ ಬಹಳ ಇದ್ದಾರೆ, ಅವರು ಪೇಪರ್ ಓದುತ್ತಾರೆ. ಐಟಿಐನವರೂ ಕ್ರೀಡಾ ಇಲಾಖೆಯವರೂ ಮನಸ್ಸು ಮಾಡಿದರೆ ಒಂದು ಭಾನುವಾರ ಇವರನ್ನೆಲ್ಲ ಒಂದು ಕಡೆ ಕೂರಿಸಿ ಈಗಿನ ಬ್ರೇಕು, ಈಗಿನ ರಿಮ್ಮು ಕೈಗೆ ಕೊಟ್ಟು ತೋರಿಸಬಹುದು. ಜಾಗಕ್ಕೆ ಕೋಟೆ ಹತ್ತಿರದ ಯಾವುದಾದರೂ ಶಾಲೆಯ ಅಂಗಳ ಸಾಕು. ಸ್ಟ್ಯಾಂಡು, ಅಲೆನ್ ಕೀ, ವರ್ನಿಯರ್ ನಾನು ತರುತ್ತೇನೆ.

— ನಿಮ್ಮ ಓದುಗ, ಕೌಲ್ ಬಜಾರ್, ಬಳ್ಳಾರಿ